ಭಾವನ ಎಸ್ಟಿಮೇಟು

ಕಂಟ್ರಾಕ್ಟರ್ ಜೊತೆ ಹಳೇ ಕಟ್ಟಡ ನೋಡಲು ಹೋಗಬೇಡಿ. ಮದುವೆಮನೆಯಲ್ಲಿ ಅಡುಗೆ ಭಟ್ಟರ ಪಕ್ಕ ಊಟಕ್ಕೆ ಕೂತ ಹಾಗಾಗುತ್ತದೆ. ಒಂದು ತುತ್ತೂ ನೆಮ್ಮದಿಯಾಗಿ ಇಳಿಯುವುದಿಲ್ಲ.

ದಾವಣಗೆರೆಯಿಂದ ಅಕ್ಕ, ಭಾವ ಪ್ಯಾರಿಸ್‌ನ ನಮ್ಮ ಮನೆಗೆ ಬಂದಿದ್ದಾರೆ. ಐಫೆಲ್ ಟವರ್ ನೋಡಿ "ಕಬ್ಬಿಣ ಜಾಸ್ತಿ ಆಯ್ತು" ಅಂದವರು ಭಾವ. ಅವರನ್ನು ಶನಿವಾರ ಶಾರ್ತ್ರ್ ಊರಿನ ಕೆಥೆಡ್ರಲ್‌ಗೆ ಕರೆದುಕೊಂಡು ಹೋದೆ. ಪ್ಯಾರಿಸ್‌ನ ಮೋಂಪರ್ನಾಸ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಗಂಟೆಯ ಮೇಲೆ ಸ್ವಲ್ಪ ಹೊತ್ತು. ಗೋಧಿ ಹೊಲಗಳ ಬಯಲಲ್ಲಿ ದೂರದಿಂದಲೇ ಎರಡು ಗೋಪುರ ಕಾಣುತ್ತವೆ. ಒಂದು ಸುಮಾರು 105 ಮೀಟರ್, ಇನ್ನೊಂದು ಅದಕ್ಕಿಂತ ಎತ್ತರ. ರೂಪವೂ ಬೇರೆ ಬೇರೆ.

"ಹಳೇ ಕಂಟ್ರಾಕ್ಟರ್ ಬಿಲ್ಲು ಪಾಸಾಗಿಲ್ಲ. ಟೆಂಡರು ಬೇರೆಯವನಿಗೆ ಹೋಗಿದೆ," ಅಂದರು ಭಾವ.

"ಎತ್ತರದ ಗೋಪುರಕ್ಕೆ ಸಿಡಿಲು ಬಡಿದಿತ್ತು ಭಾವ, 1506ರಲ್ಲಿ. ಆಮೇಲೆ ಹೊಸ ಶೈಲಿಯಲ್ಲಿ ಕಟ್ಟಿದರು."

"ಎಲ್ಲ ಕಂಟ್ರಾಕ್ಟರೂ ಸಿಡಿಲು ಅಂತಲೇ ಹೇಳೋದು ಕಣಮ್ಮ."

1194ರ ಬೆಂಕಿಯಲ್ಲಿ ಹಳೇ ಚರ್ಚು ಬಹುಪಾಲು ಸುಟ್ಟು, ಹೆಚ್ಚು ಕಡಿಮೆ ಇಪ್ಪತ್ತೈದು ವರ್ಷದಲ್ಲಿ ಈಗಿನದು ಎದ್ದು ನಿಂತಿತು ಅಂದೆ. ಅದಕ್ಕೂ ಮೆಚ್ಚುಗೆ ಇಲ್ಲ. "ಅಷ್ಟು ವರ್ಷ ಲೇಬರ್ ಓಡಿಹೋಗಲಿಲ್ವಾ?" ಅಂತ ಕೇಳಿದರು.

ನನಗೆ ಆಸೆ ಇದ್ದದ್ದು ನೆಲದ ಮೇಲಿನ ಲ್ಯಾಬಿರಿಂತ್ ನಡೆಯಲು. ಸುಮಾರು 13 ಮೀಟರ್ ಅಗಲದ ವೃತ್ತ, ಒಳಗೆ ಸುತ್ತಿ ಸುತ್ತಿ ಹೋಗುವ 260 ಮೀಟರ್ ದಾರಿ. ಅದರ ಮೇಲೆ ಸಾಲುಸಾಲು ಕುರ್ಚಿ! ವರ್ಷದಲ್ಲಿ ಕೆಲವು ತಿಂಗಳು, ಅದೂ ಶುಕ್ರವಾರ ಮಾತ್ರ ಎತ್ತಿಡುತ್ತಾರಂತೆ. ಎಂಟುನೂರು ವರ್ಷದ ದಾರಿಗೂ ವಾರದ ರಜೆ ಅಂದ್ರೆ ಏನು ಹೇಳೋದು?

ಬೇಜಾರಿಗೆ ಇನ್ನೊಂದು ಸಂಗತಿ ಬಾಯಿಬಿಟ್ಟೆ. ಹಿಂದೆ ಯಾತ್ರಿಕರು ರಾತ್ರಿ ಒಳಗೇ ಮಲಗುತ್ತಿದ್ದರು, ಬೆಳಗ್ಗೆ ನೀರು ಹಾಕಿ ತೊಳೆಯಲಿ ಅಂತ ನೆಲಕ್ಕೆ ಇಳಿಜಾರು ಕೊಟ್ಟಿದ್ದಾರೆ ಅಂತ ಹೇಳುತ್ತಾರೆ. ಭಾವನ ಕಣ್ಣು ಹೊಳೆಯಿತು. ಮೊಣಕಾಲೂರಿ ಕೂತರು. ಪಕ್ಕದಲ್ಲಿದ್ದ ಫ್ರೆಂಚ್ ಅಜ್ಜಿ, ಪಾಪ, ಇವರೂ ಪ್ರಾರ್ಥನೆಗೆ ಕೂತರು ಅಂದುಕೊಂಡು ಜಾಗ ಬಿಟ್ಟರು. ಭಾವ ಚೀಲದಿಂದ ಸ್ಟೀಲ್ ಬಾಟಲಿ ತೆಗೆದರು. ಅಡ್ಡ ಮಲಗಿಸಿದರು. ಕೈ ಬಿಟ್ಟರು.

ಇಳಿಜಾರು ಇತ್ತು.

ಬಾಟಲಿ ಉರುಳಿತು. ಒಂದು ಕುರ್ಚಿ ಕಾಲಿಗೆ ಠಣ್. ತಿರುಗಿ ಮುಂದಿನದಕ್ಕೆ ಠಣ್. ಆ ಎತ್ತರದ ಕಲ್ಲಿನ ಚಾವಣಿ ಪ್ರತಿ ಠಣ್ಣನ್ನೂ ನಾಲ್ಕು ಮಾಡಿ ವಾಪಸ್ ಕೊಡುತ್ತಿತ್ತು. ಅಕ್ಕ ತಾನು ಯಾರೋ ಎಂಬಂತೆ ಕಂಬದ ಹಿಂದೆ ಸರಿದಳು. ಸಿಬ್ಬಂದಿಯೊಬ್ಬರು ತುಟಿಗೆ ಬೆರಳಿಟ್ಟು ಬಂದರು. ಅಜ್ಜಿ ಬಾಟಲಿ ಎತ್ತಿ ಕೈಗೆ ಕೊಟ್ಟರು. ಭಾವ ನನ್ನ ಕಡೆ ತಿರುಗಿ, "ಲೆವೆಲ್ ಚೆನ್ನಾಗಿ ಕೊಟ್ಟಿದ್ದಾನೆ," ಅಂದರು. ಅದೊಂದೇ ಹೊಗಳಿಕೆ.

ಬಣ್ಣದ ಗಾಜಿನಲ್ಲಿ ನೀಲಿ ಉಡುಪಿನ ಮೇರಿ ಇರುವ ಕಿಟಕಿ ಮುಂದೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದರು. 1194ರ ಬೆಂಕಿಯಲ್ಲಿ ಉಳಿದ ಗಾಜು ಅದು. 1939ರಲ್ಲಿ ಯುದ್ಧ ಬಂತೆಂದು ಇಲ್ಲಿನ ಗಾಜನ್ನೆಲ್ಲ ಬಿಚ್ಚಿ ಸಾಗಿಸಿ, ಮುಗಿದ ಮೇಲೆ ಮತ್ತೆ ಜೋಡಿಸಿದರು ಅಂದೆ. "ಬಿಚ್ಚುವಾಗ ಆ ಹುಡುಗರ ಕೈ ನಡುಗಿರುತ್ತೆ," ಅಂದರು ಭಾವ, ಮೆಲ್ಲಗೆ. ನಾನು ಉತ್ತರ ಕೊಡಲಿಲ್ಲ.

ಹೊರಗೆ ಬಂದಾಗ ಎರಡು ಗಂಟೆ ದಾಟಿತ್ತು. ಎದುರಿನ ಹೋಟೆಲಿನಲ್ಲಿ ಅಡುಗೆಮನೆ ಮುಚ್ಚಿದೆ, ಸಂಜೆ ಏಳಕ್ಕೆ ಬನ್ನಿ ಅಂದರು. ಅಕ್ಕನ ಮುಖ ಬಾಡಿತು. ಭಾವ ಹೋಟೆಲಿನ ಗೋಡೆಗೆ ಬೆರಳಿನಿಂದ ಕುಟ್ಟಿ ನೋಡಿದರು.

"ತೇವ ಹಿಡಿದಿದೆ. ಇಲ್ಲಿ ತಿನ್ನೋದು ಬೇಡ ಬಿಡು."