ಒಣಗಿತಾ?

ಮಕ್ಕಳಿರುವ ಮನೆಯಲ್ಲಿ ಕತ್ತರಿ ಕಾಣದಿದ್ದರೆ ಹುಡುಕುತ್ತಾರೆ, ಬಣ್ಣದ ಪೆನ್ಸಿಲ್ ಮುರಿದರೆ ಅಳುತ್ತಾರೆ. ಅಂಟಿನ ಯೋಚನೆ ಮಾತ್ರ ಯಾರಿಗೂ ಇರುವುದಿಲ್ಲ. ಬೇಕಾದಾಗ ಅದರ ಬಾಟಲಿಯ ಮೂತಿ ಕಟ್ಟಿರುತ್ತದೆ, ಬೇಡವಾದಾಗ ಅದು ಕುರ್ಚಿಗೆ, ಕೂದಲಿಗೆ, ಕಿಟಕಿಯ ಪರದೆಗೆ ಮೆತ್ತಿಕೊಂಡಿರುತ್ತದೆ. ಕಾಗದವೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ತಾನಾಗಿಯೇ ಅಂಟುವುದು ಅಂಟಿನ ಜಾಯಮಾನ.

ಪಾಪ, ಅದರ ಬೇಡಿಕೆ ಏನೂ ದೊಡ್ಡದಲ್ಲ. ಸ್ವಲ್ಪವೇ ಹಚ್ಚಿ, ಹಚ್ಚಿದ ಮೇಲೆ ಮುಟ್ಟಬೇಡಿ, ಇಷ್ಟೇ. ಆದರೆ ಐದು ವರ್ಷದೊಳಗಿನವರಿಗೆ ಈ ಎರಡು ಷರತ್ತೂ ಸುತರಾಂ ಒಪ್ಪಿಗೆಯಿಲ್ಲ. ನಾಲ್ಕು ವರ್ಷದ ಮಗು ಕಾಗದದ ಹೂವಿನ ಎಸಳು ಅಂಟಿಸುವುದನ್ನು ನೋಡಿ. ಎರಡೂ ಕೈಯಲ್ಲಿ ಬಾಟಲಿ ಹಿಡಿದು, ನಾಲಿಗೆ ಹೊರಗಿಟ್ಟು, ಉಸಿರು ಬಿಗಿಹಿಡಿದು ಹಿಂಡುತ್ತದೆ. ಮೊದಲು ಗಾಳಿ ಬರುತ್ತದೆ, ಆಮೇಲೆ ಒಮ್ಮೆಗೇ ಬೆಳ್ಳಗಿನ ಒಂದು ಕೆರೆ. ಎಸಳು ಆ ಕೆರೆಯಲ್ಲಿ ದೋಣಿಯಂತೆ ತೇಲುತ್ತದೆ. ಅರ್ಧ ನಿಮಿಷ ಆಗಿರುವುದಿಲ್ಲ, ‘ಒಣಗಿತಾ?’ ಎಂಬ ಪ್ರಶ್ನೆ. ಉತ್ತರಕ್ಕೂ ಕಾಯದೆ ಎಸಳನ್ನು ಎತ್ತಿ ನೋಡುತ್ತದೆ. ಇಲ್ಲ, ಒಣಗಿಲ್ಲ. ಇನ್ನೊಂದು ಸುತ್ತು ಅಂಟು.

ಕೆರೆ ಒಣಗದಿರುವುದಕ್ಕೆ ಕಾರಣವಿದೆ. ಬಿಳಿ ಅಂಟು ಎಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್‌ನ ಅತಿಸಣ್ಣ ಹನಿಗಳು. ಆ ಹನಿಗಳು ಬೆಳಕನ್ನು ಚದುರಿಸುವುದರಿಂದ ಹಾಲಿನಂತೆ ಕಾಣುತ್ತದೆ. ನೀರು ಹೋದಂತೆ ಹನಿಗಳು ಒಂದಕ್ಕೊಂದು ಕೂಡಿ ಪಾರದರ್ಶಕ ಪದರವಾಗುತ್ತವೆ. ತೆಳ್ಳಗಿದ್ದರೆ ನೀರನ್ನು ಕಾಗದವೇ ಹೀರಿಕೊಂಡು ಹತ್ತು ನಿಮಿಷದಲ್ಲಿ ಹಿಡಿತ ಬರುತ್ತದೆ. ದಪ್ಪಗಿದ್ದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗಿನ ನೀರಿಗೆ ದಾರಿಯೇ ಇರುವುದಿಲ್ಲ. ಮಾರನೆಯ ದಿನ ಒಣಗಿದೆ ಎಂದುಕೊಂಡು ಗೋಡೆಗೆ ತೂಗುಹಾಕಿದರೆ ಹೂವು ಕೆಳಗಿಳಿಯುತ್ತಾ ಇಳಿಯುತ್ತಾ ಸಂಜೆಗೆ ಕುಂಡದ ಬುಡ ಸೇರಿರುತ್ತದೆ. ಅಂದಹಾಗೆ, ಪಾಲಿವಿನೈಲ್ ಅಸಿಟೇಟ್ ಎಂಬ ಆ ಪ್ಲಾಸ್ಟಿಕ್ಕನ್ನು ಕಂಡುಹಿಡಿದವನು ಜರ್ಮನಿಯ ಫ್ರಿಟ್ಜ್ ಕ್ಲಾಟ್ಟೆ, 1912ರಲ್ಲಿ. ಹೊಸ ಸೋಫಾ ಹಾಳಾದಾಗ ಮಗುವನ್ನು ಬೈಯಲು ಮನಸ್ಸಾಗದಿದ್ದರೆ ಅವನ ಹೆಸರು ನೆನಪಿರಲಿ.

‘ಸ್ವಲ್ಪ ಹಾಕು ಪುಟ್ಟಾ’ ಎಂದು ಹೇಳಿ ಪ್ರಯೋಜನವಿಲ್ಲ. ಆ ವಯಸ್ಸಿಗೆ ಸ್ವಲ್ಪ ಎಂದರೆ ಎಷ್ಟು ಎಂಬುದು ಗೊತ್ತಿರುವುದಿಲ್ಲ, ಬೆರಳಿಗೂ ಅಷ್ಟು ನಾಜೂಕು ಬಂದಿರುವುದಿಲ್ಲ. ಬಾಟಲಿಯನ್ನೇ ಕೊಡದಿರುವುದು ಜಾಣತನ. ನೀರಿನ ಬಾಟಲಿಯ ಮುಚ್ಚಳದಲ್ಲಿ ಒಂದು ಟೀ ಚಮಚ ಅಂಟು ಹಾಕಿ, ಕಿವಿಗೆ ಬಳಸುವ ಹತ್ತಿಕಡ್ಡಿಯನ್ನೋ ಐಸ್‌ಕ್ರೀಮ್ ಕಡ್ಡಿಯನ್ನೋ ಕೈಗೆ ಕೊಡಿ. ಒಂದು ಎ4 ಹಾಳೆಯ ಚಿತ್ರಕ್ಕೆ ಅಷ್ಟು ಧಾರಾಳ ಸಾಕು. ಮುಗಿದರೆ ಇನ್ನೊಂದು ಮುಚ್ಚಳ. ಕೇಳಿ ಕೇಳಿ ಹಾಕಿಸಿಕೊಳ್ಳುವುದೂ ಮಕ್ಕಳಿಗೆ ಒಂದು ಆಟವೇ.

ಇದಕ್ಕಿಂತಲೂ ಒಳ್ಳೆಯ ಉಪಾಯ ಸ್ಪಂಜು. ಬಿಗಿ ಮುಚ್ಚಳದ, ಅಂಗೈಯಗಲದ ಚಪ್ಪಟೆ ಡಬ್ಬಿ ತೆಗೆದುಕೊಂಡು ಅದರ ತಳಕ್ಕೆ ಸರಿಯಾಗಿ ಕೂರುವಂತೆ ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಕತ್ತರಿಸಿ ಇಡಿ. ಅದನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿರಬೇಕು. ಮೇಲೆ ಬಿಳಿ ಅಂಟು ಸುರಿದು, ತಿರುಗಿಸಿ ಇನ್ನೊಂದು ಬದಿಗೂ ಸುರಿದು, ಮುಚ್ಚಿ ಒಂದು ರಾತ್ರಿ ಬಿಟ್ಟರೆ ಅಂಟು ಒಳಗಿಳಿದಿರುತ್ತದೆ. ಮಗು ಎಸಳನ್ನು ಆ ಸ್ಪಂಜಿನ ಮೇಲೊಮ್ಮೆ ಒತ್ತಿ ತೆಗೆದರೆ ಬೇಕಾದಷ್ಟೇ ಅಂಟು ಹತ್ತಿರುತ್ತದೆ, ರಬ್ಬರ್ ಸ್ಟ್ಯಾಂಪಿಗೆ ಶಾಯಿ ಹತ್ತಿದ ಹಾಗೆ. ಒಣಗಿದಂತೆ ಕಂಡರೆ ಎರಡು ಚಮಚ ನೀರು ಚಿಮುಕಿಸಿದರಾಯಿತು. ಒಂದೇ ಎಚ್ಚರ: ಕೆಲಸ ಮುಗಿದ ಮೇಲೆ ಮುಚ್ಚಳ ಹಾಕಲು ಮರೆತರೆ ಬೆಳಗ್ಗೆ ಇಟ್ಟಿಗೆಯಾಗಿರುತ್ತದೆ, ಅದನ್ನು ಮತ್ತೆ ಸ್ಪಂಜು ಮಾಡುವ ವಿದ್ಯೆ ಇಲ್ಲ.

ಕಾಗದ ಸುರುಳಿಯಾಗುವುದು ಇನ್ನೊಂದು ತಕರಾರು. ಹಚ್ಚಿದ ಬದಿಯ ನಾರುಗಳು ನೀರು ಕುಡಿದು ಉಬ್ಬುತ್ತವೆ, ಮತ್ತೊಂದು ಬದಿ ಒಣಗಿಯೇ ಇರುತ್ತದೆ, ಹಾಳೆ ಬಾಗುತ್ತದೆ. ಒಣಗುವಾಗ ಅದೇ ಬದಿ ಕುಗ್ಗಿ ಹಾಳೆ ಮತ್ತೊಂದು ಕಡೆಗೆ ಎಳೆಯುತ್ತದೆ. ದೊಡ್ಡ ಹಾಳೆ ಅಂಟಿಸುವಾಗ ನಡುವಿನಿಂದ ಅಂಚಿನತ್ತ ತೆಳ್ಳಗೆ ಸವರಿ, ಕೂರಿಸಿ, ಮೇಲೊಂದು ಬಟರ್ ಪೇಪರ್ ಇಟ್ಟು ನಾಲ್ಕು ದಪ್ಪ ಪುಸ್ತಕ ಹೇರಿಬಿಡಿ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಚಪ್ಪಟೆಯಾಗಿರುತ್ತದೆ. ಪುಸ್ತಕದ ಕೆಳಗೆ ಇಟ್ಟದ್ದನ್ನು ಮಗು ಎತ್ತಿ ನೋಡುವುದು ಕಷ್ಟ ಎಂಬುದು ಇದರ ನಿಜವಾದ ಲಾಭ.

ಅಂಟುಕಡ್ಡಿ, ಅಂದರೆ ಗ್ಲೂ ಸ್ಟಿಕ್, ಹುಟ್ಟಿದ್ದೇ ಈ ರಗಳೆಗಳಿಂದ ಪಾರಾಗಲು. 1969ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿ ಲಿಪ್‌ಸ್ಟಿಕ್ಕಿನ ಮಾದರಿಯಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಲಿಪ್‌ಸ್ಟಿಕ್ ಮಕ್ಕಳ ಕೈಗೆ ಸಿಕ್ಕರೆ ಏನಾಗುತ್ತದೋ ಇದಕ್ಕೂ ಅದೇ ಗತಿ. ತಿರುಗಿಸಿದರೆ ಮೇಲೆ ಬರುತ್ತದೆ ಎಂದು ಗೊತ್ತಾದ ಕ್ಷಣದಿಂದ ತಿರುಗಿಸುವುದೇ ಕೆಲಸ. ಮೇಲೆ ಬಂದದ್ದು ಒತ್ತಿದ ಕೂಡಲೇ ಮುರಿಯುತ್ತದೆ, ಮುಚ್ಚಳ ಹಾಕಿದರೆ ತಲೆ ಜಜ್ಜಿಹೋಗುತ್ತದೆ. ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಹೊರಗೆ ಬೇಕಾಗಿಯೇ ಇಲ್ಲ. ಹಚ್ಚುವಾಗ ನೀಲಿಯೋ ನೇರಳೆಯೋ ಕಂಡು, ಒಣಗಿದಾಗ ಬಣ್ಣ ಮಾಯವಾಗುವ ಕಡ್ಡಿ ಸಿಕ್ಕರೆ ಅದನ್ನೇ ಕೊಡಿ. ಅದರಲ್ಲಿರುವ ಬಣ್ಣ ಕ್ಷಾರ ಇರುವತನಕ ಮಾತ್ರ ನಿಲ್ಲುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಕ್ಷಾರ ತಗ್ಗಿದಂತೆ ಮಂಕಾಗುತ್ತದೆ. ‘ಒಣಗಿತಾ?’ ಎಂದರೆ ‘ಬಣ್ಣ ಹೋಯಿತಾ ನೋಡು’ ಎನ್ನಬಹುದು. ಮುಟ್ಟದೆ ನೋಡುವ ಕಾರಣ ಸಿಕ್ಕಿದಂತಾಯಿತು. ಆದರೆ ಅಂಟುಕಡ್ಡಿ ಕಾಗದಕ್ಕಷ್ಟೇ ಲಾಯಕ್ಕು. ಗುಂಡಿ, ಮಣಿ, ಒಣಕಡ್ಡಿಗಳನ್ನು ಅದರಿಂದ ಅಂಟಿಸಲು ಹೊರಟರೆ ಕೊನೆಗೆ ಎಲ್ಲವೂ ನೆಲದ ಮೇಲೆಯೇ.

ಇಷ್ಟೆಲ್ಲ ಹೇಳಿದ ಮೇಲೂ ಅಂಟುಗಳಲ್ಲಿ ಮಕ್ಕಳಿಗೆ ಸರಿಯಾದ ಜೋಡಿ ಎಂದರೆ ಹಿಟ್ಟಿನ ಅಂಟೇ. ಧಾರಾಳ ಸುರಿದರೂ ನಷ್ಟವಿಲ್ಲ, ನಾಲಿಗೆಗೆ ತಾಗಿದರೂ ಗಾಬರಿಯಿಲ್ಲ, ನೀರಲ್ಲಿ ನೆನೆಸಿದರೆ ಬಟ್ಟೆಯಿಂದ ಬಿಡುತ್ತದೆ. ಮೂರು ದೊಡ್ಡ ಚಮಚ ಮೈದಾಕ್ಕೆ 50 ಮಿ.ಲೀ. ತಣ್ಣೀರು ಹಾಕಿ ಒಂದೂ ಗಂಟಿಲ್ಲದಂತೆ ಕಲಸಿ. ತಣ್ಣೀರೇ ಆಗಬೇಕು. ಒಣ ಹಿಟ್ಟನ್ನು ನೇರವಾಗಿ ಬಿಸಿನೀರಿಗೆ ಹಾಕಿದರೆ ಪ್ರತಿ ಉಂಡೆಯ ಹೊರಮೈ ಬೆಂದು ಕವಚವಾಗುತ್ತದೆ, ಒಳಗೆ ಹಿಟ್ಟು ಒಣಗಿಯೇ ಉಳಿಯುತ್ತದೆ. ಆ ಗಂಟು ಎಷ್ಟು ತಿರುವಿದರೂ ಒಡೆಯುವುದಿಲ್ಲ. ಇನ್ನೊಂದು ಪಾತ್ರೆಯಲ್ಲಿ 200 ಮಿ.ಲೀ. ನೀರು ಕುದಿಸಿ, ಉರಿ ತಗ್ಗಿಸಿ, ಕಲಸಿದ್ದನ್ನು ಸಣ್ಣ ಧಾರೆಯಾಗಿ ಹುಯ್ಯುತ್ತಾ ಕೈಬಿಡದೆ ತಿರುವಿ. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಊದಿಕೊಳ್ಳಲು ತೊಡಗುತ್ತವೆ. ಹಾಲಿನ ಬಿಳುಪು ಹೋಗಿ ಮಬ್ಬುಗಾಜಿನಂತೆ ಕಾಣತೊಡಗಿ, ಸೌಟಿನ ಬೆನ್ನಿಗೆ ಹತ್ತಿ ನಿಂತಾಗ ಒಲೆ ಆರಿಸಿ. ಇದಕ್ಕೆ ಎರಡು ಮೂರು ನಿಮಿಷ ಸಾಕು. ತೆಳುವಾಯಿತು ಅನ್ನಿಸಿದರೂ ಸುಮ್ಮನಿರಿ, ಆರಿದಾಗ ಗಟ್ಟಿಯಾಗುತ್ತದೆ. ಆರುವಾಗ ಆಗಾಗ ಕದಡದಿದ್ದರೆ ಮೇಲೆ ಕೆನೆ ಕಟ್ಟಿ, ಅದೇ ಆಮೇಲೆ ಕುಂಚಕ್ಕೆ ಚಿಂದಿಯಾಗಿ ಸಿಕ್ಕುತ್ತದೆ. ಮಗುವಿನ ಕೈಗೆ ಹೋಗುವ ಮುನ್ನ ಪೂರ್ತಿ ತಣ್ಣಗಾಗಿರಲಿ. ಮೇಲೆ ಆರಿದಂತೆ ಕಂಡರೂ ಈ ಅಂಟು ನಡುವಿನಲ್ಲಿ ಬಹಳ ಹೊತ್ತು ಬಿಸಿ ಹಿಡಿದಿರುತ್ತದೆ.

ಗೋಧಿ ಒಗ್ಗದ ಮಗುವಾದರೆ ಮೈದಾದ ಬದಲು ಕಾರ್ನ್‌ಫ್ಲೋರ್ ಹಾಕಬಹುದು, ಅದು ಇನ್ನೂ ತಿಳಿಯಾಗಿ ಒಣಗುತ್ತದೆ. ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಬರುತ್ತದೆ. ಹುಳಿ ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಿ. ಡಬ್ಬಿಯ ಮೇಲೆ ಏನೆಂದು ಬರೆದಿಡುವುದು ಒಳ್ಳೆಯದು, ಫ್ರಿಜ್ ತೆರೆದು ಗಂಜಿ ಎಂದುಕೊಂಡು ಬಿಸಿಮಾಡಿದವರು ಲೋಕದಲ್ಲಿ ಇಲ್ಲದಿಲ್ಲ. ಇದರ ದೋಷ ಒಂದೇ: ಜಿರಳೆಗೂ ಇಷ್ಟ. ವರ್ಷಗಟ್ಟಲೆ ಇಡಬೇಕೆಂದಿರುವ ಚಿತ್ರಕ್ಕೆ ಬಿಳಿ ಅಂಟೇ ಸರಿ.

ಕಾಗದ ಹರಿದು ಬಲೂನಿಗೆ ಮೆತ್ತುವ ಕೆಲಸಕ್ಕಂತೂ ಈ ಹಿಟ್ಟಿನ ಅಂಟನ್ನು ಬಿಟ್ಟರಿಲ್ಲ. ಹಳೆ ಪೇಪರನ್ನು ಕತ್ತರಿಸಬೇಡಿ, ಹರಿಯಿರಿ. ಹರಿದ ಅಂಚಿನ ನಾರು ಹರಡಿಕೊಂಡು ಪಕ್ಕದ ಪಟ್ಟಿಯೊಂದಿಗೆ ಬೆರೆಯುತ್ತದೆ, ಕತ್ತರಿಸಿದ ಅಂಚು ಮೆಟ್ಟಿಲಿನಂತೆ ಎದ್ದು ಕಾಣುತ್ತದೆ. ಎರಡು ಬೆರಳಗಲದ ಪಟ್ಟಿ, ಮೂರು ಸುತ್ತು. ಒಂದೊಂದು ಸುತ್ತಿನ ನಡುವೆ ಒಂದು ರಾತ್ರಿ. ಹರಿಯುವುದೂ ಮೆತ್ತುವುದೂ ಮಕ್ಕಳಿಗೆ ಹಬ್ಬ, ಮೂರು ರಾತ್ರಿ ಕಾಯುವುದು ದೊಡ್ಡವರ ಪಾಲಿಗೆ ಶಿಕ್ಷೆ. ಅವಸರಪಟ್ಟು ಮೂರೂ ಸುತ್ತನ್ನು ಒಂದೇ ದಿನ ಮೆತ್ತಿದರೆ ಒಳಗೆ ಹಸಿ ಉಳಿದು ಬೂಷ್ಟು ಹಿಡಿಯುತ್ತದೆ. ಒಳಗಿನ ಪದರ ಗಟ್ಟಿಯಾಗುವ ಮೊದಲೇ ಬಲೂನಿನ ಗಾಳಿ ಇಳಿದರೆ ಅದು ಕಾಗದವನ್ನೂ ಎಳೆದುಕೊಂಡು ಕುಗ್ಗುತ್ತದೆ. ಆಗ ಚೆಂಡು ಆಗಬೇಕಿದ್ದದ್ದಕ್ಕೆ ಆಲೂಗಡ್ಡೆ ಎಂದು ಹೆಸರಿಟ್ಟು ಬಣ್ಣ ಬಳಿಯುವುದೇ ಮರ್ಯಾದೆ.

ತಿನ್ನಲು ಬರುವ ಅಂಟೂ ಒಂದಿದೆ. ಬಿಸ್ಕತ್ತಿನ ಗೋಡೆ, ಬಿಸ್ಕತ್ತಿನ ಸೂರು ಇಟ್ಟು ಮನೆ ಕಟ್ಟುವವರಿಗೆ ಸಕ್ಕರೆಯೇ ಸಿಮೆಂಟು. 100 ಗ್ರಾಂ ಐಸಿಂಗ್ ಸಕ್ಕರೆಯನ್ನು ಜರಡಿ ಹಿಡಿದು, ಎರಡು ಟೀ ಚಮಚ ನೀರು ಹಾಕಿ ಕಲಸಿ. ಮೂರನೆಯ ಚಮಚವನ್ನು ಹನಿಹನಿಯಾಗಿಯೇ ಸೇರಿಸಬೇಕು, ಏಕೆಂದರೆ ಹತ್ತು ಹನಿ ಹೆಚ್ಚಾದರೂ ಹಿಟ್ಟಿನಂತಿದ್ದದ್ದು ಪಾಯಸವಾಗುತ್ತದೆ. ಟೂತ್‌ಪೇಸ್ಟಿನ ಹದ ಇರಲಿ: ಚಮಚದಿಂದ ಎತ್ತಿದರೆ ಬೀಳದೆ ನಿಲ್ಲಬೇಕು. ಮೊದಲು ನಾಲ್ಕು ಗೋಡೆ ಮಾತ್ರ, ಒಳಗೊಂದು ಸಣ್ಣ ಲೋಟ ಆಸರೆ. ಅರ್ಧ ಗಂಟೆಯಾದರೂ ಬಿಟ್ಟು, ಲೋಟ ತೆಗೆದು, ಆಮೇಲೆ ಸೂರು. ಬಿಸ್ಕತ್ತು ಮನೆಯಲ್ಲೇ ಬೇಯಿಸಿದ್ದಾದರೆ ಪೂರ್ತಿ ಆರಿರಬೇಕು, ಬಿಸಿ ತಾಗಿದರೆ ಸಕ್ಕರೆ ಕರಗಿ ಗೋಡೆ ಜಾರುತ್ತದೆ. ಮಳೆಗಾಲದ ಥಂಡಿಯಲ್ಲಿ ಈ ಸಕ್ಕರೆ ಒಣಗಲು ಬಹಳ ಸತಾಯಿಸುತ್ತದೆ. ಅಲಂಕಾರಕ್ಕೆ ಗುಂಡಗಿನ ಗಟ್ಟಿ ಮಿಠಾಯಿ ಹಾಕುವಾಗ ಐದು ವರ್ಷಕ್ಕಿಂತ ಚಿಕ್ಕವರು ಪಕ್ಕದಲ್ಲಿದ್ದಾರೆಯೇ ನೋಡಿಕೊಳ್ಳಿ, ಗಂಟಲಿಗೆ ಸಿಕ್ಕಿಕೊಳ್ಳುವುದು ಅಂಥದ್ದೇ. ಸೂರು ಅಂಟುವ ಮೊದಲೇ ಹಿಂಬದಿಯ ಗೋಡೆ ಕಾಣೆಯಾಗುವುದು ಈ ಕಟ್ಟಡದ ವಿಶೇಷ. ಆದ್ದರಿಂದ ತಿನ್ನುವ ಬಿಸ್ಕತ್ತು ಬೇರೆ, ಕಟ್ಟುವ ಬಿಸ್ಕತ್ತು ಬೇರೆ ಎಂದು ಮೊದಲೇ ಎರಡು ತಟ್ಟೆ ಮಾಡಿಡಬೇಕು.

ಬಿಡಿಸುವ ಮಾತಿಗೆ ಬಂದರೆ, ನಮ್ಮ ಭಾಷೆಯ ತಮಾಷೆ ನೋಡಿ: ಜಿಡ್ಡು ತೆಗೆಯುವ ಕಾಯಿಗೆ ಅಂಟುವಾಳ ಎಂದು ಹೆಸರು. ಕೂದಲಿಗೆ ಹತ್ತಿದ ಬಿಳಿ ಅಂಟನ್ನು ಉಗುರುಬೆಚ್ಚಗಿನ ನೀರು, ಶಾಂಪೂ ಹಾಕಿ ನೆನೆಸಿ ಬಾಚಿದರೆ ಬರುತ್ತದೆ, ಕತ್ತರಿ ತರಬೇಕಿಲ್ಲ. ಬಟ್ಟೆಯದ್ದನ್ನು ಒಣಗುವ ಮೊದಲೇ ನೀರಿಗೆ ಹಾಕಬೇಕು. ಸೂಪರ್ ಗ್ಲೂ ಮಾತ್ರ ಮಕ್ಕಳ ಮೇಜಿನ ಹತ್ತಿರವೂ ಸುಳಿಯಬಾರದು. ಬೆರಳು ಬೆರಳಿಗೆ ಅಂಟಿದರೆ ಎಳೆಯದೆ, ಬೆಚ್ಚಗಿನ ಸೋಪಿನ ನೀರಲ್ಲಿಟ್ಟು ಮೆಲ್ಲಗೆ ಹೊರಳಿಸಿ ಬಿಡಿಸಬೇಕು. ಹತ್ತಿಬಟ್ಟೆಯ ಮೇಲೆ ಅದು ಚೆಲ್ಲಿದರೆ ಚರ್ಮ ಸುಡುವಷ್ಟು ಕಾವೇರುವುದುಂಟು. ಕಣ್ಣಿಗೆ ಬಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ನೇರ ಡಾಕ್ಟರ ಬಳಿ.

ಅಂಟಿನಿಂದ ಏನೇನು ಮಾಡಬಹುದೆಂದು ದೊಡ್ಡವರು ಇಷ್ಟೆಲ್ಲ ತಲೆ ಕೆಡಿಸಿಕೊಂಡಿರುವಾಗ ಮಗು ತನ್ನದೇ ಒಂದು ಬಳಕೆ ಕಂಡುಕೊಂಡಿರುತ್ತದೆ. ಹೂವು, ಎಸಳು, ಮನೆ ಎಲ್ಲವನ್ನೂ ಬದಿಗಿಟ್ಟು ಎಡ ಅಂಗೈಗೆ ಬಿಳಿ ಅಂಟು ಸವರಿಕೊಳ್ಳುತ್ತದೆ. ತೆಳ್ಳಗೆ, ಅಂಚಿನಿಂದ ಅಂಚಿಗೆ, ಎಷ್ಟು ಹೇಳಿದರೂ ಕಾಗದಕ್ಕೆ ಹಚ್ಚದಿದ್ದಷ್ಟು ಅಚ್ಚುಕಟ್ಟಾಗಿ. ಆಮೇಲೆ ಕೈ ಚಾಚಿಕೊಂಡು ಅಲುಗಾಡದೆ ಕೂರುತ್ತದೆ. ಒಂದು ನಿಮಿಷ, ಎರಡು, ಐದು. ಯಾರನ್ನೂ ಏನೂ ಕೇಳುವುದಿಲ್ಲ. ಬಿಳುಪು ಪೂರ್ತಿ ಮಾಯವಾದ ಮೇಲೆ ಹೆಬ್ಬೆರಳ ಬುಡದಲ್ಲಿ ಉಗುರಿನಿಂದ ಒಂದು ತುದಿ ಎಬ್ಬಿಸಿ, ಎಲ್ಲೂ ಹರಿಯದಂತೆ ಮೆಲ್ಲಮೆಲ್ಲಗೆ ಸುಲಿಯುತ್ತದೆ. ಬೆಳಕಿಗೆ ಹಿಡಿದರೆ ಆ ಪೊರೆಯಲ್ಲಿ ಅಂಗೈಯ ಒಂದೊಂದು ಗೆರೆಯೂ ಮೂಡಿರುತ್ತದೆ.