ಹೊಸಬರಿಗೆ ಬಾಗಿಲು ಮುಚ್ಚಿದ ಮಾರುಕಟ್ಟೆ

ಸರ್ಕಾರಿ ಕಂಪನಿ ಒಳ್ಳೆಯದೋ ಖಾಸಗಿ ಕಂಪನಿ ಒಳ್ಳೆಯದೋ ಎಂಬ ಜಗಳ ಮುಗಿಯುವುದೇ ಇಲ್ಲ. ನನ್ನ ಪ್ರಶ್ನೆ ಬೇರೆ. ಯಾರ ಕೈಕಾಲೂ ಹಿಡಿಯದೆ ಹೊಸಬನೊಬ್ಬ ಆ ಕ್ಷೇತ್ರಕ್ಕೆ ಇಳಿಯಬಹುದೇ?

ಟುನೀಶಿಯಾದಲ್ಲಿ ಏನಾಯಿತು ನೋಡಿ. 2011ರ ಜನವರಿಯಲ್ಲಿ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದ ಮೇಲೆ ಅವರ ಕುಟುಂಬದ ಆಸ್ತಿ ಮುಟ್ಟುಗೋಲಾಯಿತು. ಯಾವ ಕಂಪನಿ ಯಾರದೆಂಬುದು ಆಗ ಬಯಲಾಯಿತು. ಆ ಮಾಹಿತಿ ಹಿಡಿದು ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿದರು: ಆ ಕುಟುಂಬದ ನಂಟಿದ್ದ ಬರೀ 220 ಕಂಪನಿಗಳು ಇಡೀ ಖಾಸಗಿ ವಲಯದ ಲಾಭದಲ್ಲಿ ಸುಮಾರು ಶೇ. 21ರಷ್ಟನ್ನು ಬಾಚಿಕೊಳ್ಳುತ್ತಿದ್ದವು. ಇದಕ್ಕೆ ಖಜಾನೆಗೆ ಕನ್ನ ಹಾಕಬೇಕಾಗಿರಲಿಲ್ಲ, ಕಾನೂನೇ ಸಾಕಾಗಿತ್ತು. ದೂರಸಂಪರ್ಕ, ವಿಮಾನ ಸಾರಿಗೆಯಂಥ ಕ್ಷೇತ್ರಗಳಿಗೆ ಬರಲು ಪೂರ್ವಾನುಮತಿ ಬೇಕು, ವಿದೇಶಿ ಹೂಡಿಕೆಗೆ ಮಿತಿ ಇರಬೇಕು ಎಂದು ಸರ್ಕಾರ ಆದೇಶ ಹೊರಡಿಸುತ್ತಿತ್ತು. ಇಂಥ ನಿರ್ಬಂಧ ಇದ್ದ ಕಡೆಯೇ ಕುಟುಂಬದ ಕಂಪನಿಗಳ ಮೇಲುಗೈ ಹೆಚ್ಚಾಗಿತ್ತು. ಇದನ್ನು ಉದ್ಯಮಶೀಲತೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇಂಡೋನೇಷ್ಯಾದಲ್ಲಿ ಸರ್ವಾಧಿಕಾರಿ ಅಧ್ಯಕ್ಷ ಸುಹಾರ್ತೊ ಆರೋಗ್ಯ ಕೆಟ್ಟಿದೆ ಎಂಬ ಸುದ್ದಿ ಹಬ್ಬಿದಾಗಲೆಲ್ಲ ಅವರಿಗೆ ಹತ್ತಿರದ ಕಂಪನಿಗಳ ಷೇರು ಉಳಿದವಕ್ಕಿಂತ ಹೆಚ್ಚು ಬೀಳುತ್ತಿತ್ತು. ಅರ್ಥಶಾಸ್ತ್ರಜ್ಞ ರೇಮಂಡ್ ಫಿಸ್ಮನ್ ಇದನ್ನು 2001ರಲ್ಲಿ ಅಂಕಿಅಂಶ ಸಮೇತ ತೋರಿಸಿದರು. ಅಂದರೆ ಹೂಡಿಕೆದಾರರು ದುಡ್ಡು ಹಾಕಿದ್ದು ಕಂಪನಿಯ ಕಸುಬಿನ ಮೇಲಷ್ಟೇ ಅಲ್ಲ, ಒಬ್ಬ ಮನುಷ್ಯನ ಆಯಸ್ಸಿನ ಮೇಲೂ!

ಇಂಥದ್ದಕ್ಕೆ ಸರ್ವಾಧಿಕಾರವೇ ಬೇಕೆಂದಿಲ್ಲ, ಒಂದು ಟೆಂಡರ್ ಸಾಕು. ಕಳೆದ ಮೂರು ವರ್ಷಗಳಲ್ಲಿ ಇಂತಿಷ್ಟು ವಹಿವಾಟು ಇರಬೇಕು, ಇದೇ ಬಗೆಯ ಕೆಲಸವನ್ನು ಸರ್ಕಾರಿ ಇಲಾಖೆಗೇ ಮಾಡಿರಬೇಕು, ಹತ್ತು ದಿನದೊಳಗೆ ಅರ್ಜಿ ಹಾಕಬೇಕು. ಒಂದೊಂದೇ ಷರತ್ತು ಓದಿದರೆ ತಪ್ಪೇನೂ ಕಾಣುವುದಿಲ್ಲ. ಒಟ್ಟಿಗೆ ಇಟ್ಟು ನೋಡಿದರೆ ಒಬ್ಬನ ಅಳತೆಗೇ ಹೊಲಿದದ್ದು ಗೊತ್ತಾಗುತ್ತದೆ. ಉಳಿದವರು ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿ ಹಾಕದವರ ನಷ್ಟ ಯಾವ ಆಡಿಟ್‌ಗೂ ಸಿಗುವುದಿಲ್ಲ, ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲೇ.

ಸರ್ಕಾರಿ ಕಂಪನಿಗಳ ತೊಂದರೆ ಇನ್ನೊಂದು ಥರದ್ದು. ಹಂಗೆರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಅದನ್ನು ‘ಮೃದು ಬಜೆಟ್ ಮಿತಿ’ ಎಂದರು. ಎಷ್ಟೇ ನಷ್ಟವಾದರೂ ಸರ್ಕಾರ ತುಂಬಿಕೊಡುತ್ತದೆ ಎಂಬ ಭರವಸೆ ಇದ್ದವರು ಖರ್ಚಿಗೆ ಯಾಕೆ ಹೆದರುತ್ತಾರೆ? ಸರ್ಕಾರ ಬೆನ್ನಿಗಿದೆ ಎಂದು ಬ್ಯಾಂಕೂ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ. ಅವರಿಗಿಂತ ಚೆನ್ನಾಗಿ ಕೆಲಸ ಮಾಡುವ ಖಾಸಗಿಯವನು ಬಾಗಿಲು ಹಾಕಿಕೊಂಡು ಹೋಗುತ್ತಾನೆ.

ಹಾಗಂತ ಮಾರಿಬಿಟ್ಟರೆ ಸರಿಹೋಗುತ್ತದೆ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಮೆಕ್ಸಿಕೊ 1990ರಲ್ಲಿ ತನ್ನ ದೂರವಾಣಿ ಕಂಪನಿ ಟೆಲ್ಮೆಕ್ಸ್ ಅನ್ನು ಮಾರಿತು, ದೂರದ ಕರೆಗಳ ಏಕಸ್ವಾಮ್ಯವನ್ನೂ ಕೆಲವು ವರ್ಷಗಳ ಮಟ್ಟಿಗೆ ಜೊತೆಗೇ ಕೊಟ್ಟಿತು. ಬದಲಾದದ್ದು ಮಾಲೀಕ ಮಾತ್ರ. ಅತ್ತ ಸಿಂಗಾಪುರ ಏರ್‌ಲೈನ್ಸ್‌ನ ದೊಡ್ಡ ಪಾಲು ಇರುವುದು ಸರ್ಕಾರದ ಹೂಡಿಕೆ ಕಂಪನಿ ಟೆಮಾಸೆಕ್ ಕೈಯಲ್ಲಿ. ಆದರೂ ಅದು ಜಗತ್ತಿನ ವಿಮಾನ ಕಂಪನಿಗಳ ಜೊತೆ ಪೈಪೋಟಿಗೆ ನಿಂತೇ ಹೆಸರು ಮಾಡಿದೆ.

ಆದ್ದರಿಂದ ಒಡೆತನ ಯಾರದೇ ಇರಲಿ, ಕಾನೂನು ಒಂದೇ ಇರಲಿ. ಸ್ಪರ್ಧಾ ಕಾಯ್ದೆ ತನಗೆ ಅನ್ವಯಿಸದು ಎಂದು ಸರ್ಕಾರಿ ಕಲ್ಲಿದ್ದಲು ಕಂಪನಿ ಕೋಲ್ ಇಂಡಿಯಾ ವಾದಿಸಿದಾಗ 2023ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದು ಸರಿಯಾದ ತೀರ್ಪು, ಆದರೆ ಅಷ್ಟೇ ಸಾಲದು. ಆಸ್ಟ್ರೇಲಿಯಾ 1990ರ ದಶಕದಲ್ಲೇ ದೊಡ್ಡ ಸರ್ಕಾರಿ ಉದ್ದಿಮೆಗಳು ತೆರಿಗೆಗೆ ಸಮನಾದ ಮೊತ್ತವನ್ನೂ ಸಾಲದ ಖಾತರಿಗೆ ಶುಲ್ಕವನ್ನೂ ಕಟ್ಟಬೇಕೆಂಬ ನೀತಿ ತಂದಿತು. ಬಡವರಿಗೆ ಅಗ್ಗದ ಸೇವೆ ಕೊಡುವುದರಿಂದ ನಷ್ಟವಾಗುತ್ತಿದ್ದರೆ ಆ ಮೊತ್ತವನ್ನು ಬಜೆಟ್‌ನಲ್ಲಿ ಬೇರೆಯಾಗಿ ತೋರಿಸಿ ಕೊಡಿ. ಅದೇ ಸೇವೆಯನ್ನು ಅದಕ್ಕಿಂತ ಕಡಿಮೆಗೆ ಕೊಡುತ್ತೇನೆ ಎಂದು ಬೇರೆಯವರು ಬಂದರೆ ಅವರಿಗೂ ಅವಕಾಶ ಇರಲಿ.