ಮೊದಲು ಕೇಳುವವನನ್ನು ಹುಡುಕಿ

ನಮ್ಮ ಬಳ್ಳಾರಿ ಕಡೆ ಹುಡುಗರಿಗೆ ದನಿ ಎತ್ತುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಜಾತ್ರೆ ಬಂತು ಅಂದ್ರೆ ಊರೂರಲ್ಲಿ ನಾಟಕ, ದೊಡ್ಡಾಟ. ಹಾರ್ಮೋನಿಯಂ ಮಾಸ್ತರು ಬಂದು ರಾತ್ರಿಯೆಲ್ಲಾ ತಾಲೀಮು ಮಾಡಿಸುತ್ತಾರೆ. ಎಲ್ಲಿ ಏರಿಸಬೇಕು, ಎಲ್ಲಿ ಉಸಿರು ತಗೋಬೇಕು, ಎಲ್ಲಿ ಹೆಜ್ಜೆ ಹಾಕಬೇಕು, ಎಲ್ಲಾ ಕಿವಿಯಿಂದಲೇ ಬರುತ್ತದೆ. ಓದು ಬಾರದವರೂ ಉದ್ದುದ್ದ ಮಾತನ್ನು ತಡವರಿಸದೆ ಹೇಳುವುದನ್ನು ನೋಡುತ್ತಾ ಬೆಳೆದವನು ನಾನು. ಆ ಕಲಿಕೆಯ ಮೇಲೆ ನನಗೆ ಬಹಳ ಗೌರವವಿದೆ.

ಈಗ ಇರುವುದು ಪುಣೆಯಲ್ಲಿ. ಇಲ್ಲಿಯ ಕಾಲೇಜು ಹುಡುಗರಿಗೆ ಏಕಾಂಕ ನಾಟಕ ಅಂದ್ರೆ ಪ್ರಾಣ. ಪುರುಷೋತ್ತಮ ಕರಂಡಕ ಸ್ಪರ್ಧೆ 1963ರಿಂದ ನಡೆದುಕೊಂಡು ಬಂದಿದೆ. ಗೊತ್ತಿರುವ ತಂಡಗಳ ತಾಲೀಮಿಗೆ ಹೋಗಿ ಕೂರುತ್ತೇನೆ. ಅವರು ಎದ್ದು ನಿಲ್ಲುವುದೇ ತಡವಾಗಿ. ಮೊದಲು ಸುತ್ತ ಕೂತು ಓದುತ್ತಾರೆ, ದನಿ ಏರಿಸದೆ. ನಡುವೆ ಒಬ್ಬರು ತಡೆದು ಕೇಳುತ್ತಾರೆ: ಈ ಮಾತು ಯಾರಿಗೆ? ಈಗಲೇ ಯಾಕೆ ಹೇಳ್ತಿದ್ದಾನೆ? ಉತ್ತರವನ್ನು ಬರೆದ ಸಾಲಿನಲ್ಲೇ ಬೆರಳಿಟ್ಟು ತೋರಿಸಬೇಕು.

ಒಬ್ಬನೇ ಆಡುವ ಮಾತಿಗಂತೂ ಇದು ಬೇಕೇ ಬೇಕು. ನಮ್ಮ ಕಾಲೇಜುಗಳ ಏಕಪಾತ್ರಾಭಿನಯದಲ್ಲಿ ಹುಡುಗ ಸಭೆಯ ಕಡೆ ತಿರುಗಿ ನಿಂತು ಅಬ್ಬರಿಸುತ್ತಾನೆ. ಚಪ್ಪಾಳೆಯೂ ಬರುತ್ತದೆ. ಆದರೆ ಅವನು ಯಾರ ಜೊತೆ ಮಾತಾಡಿದ ಅಂತ ನಮಗೆ ತಿಳಿಯುವುದೇ ಇಲ್ಲ.

ರನ್ನನ ಗದಾಯುದ್ಧದ ದುರ್ಯೋಧನನನ್ನೇ ತಗೊಳ್ಳಿ. ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತಾ ತಮ್ಮ ದುಶ್ಶಾಸನನ ಹೆಣದ ಮುಂದೆ ನಿಲ್ಲುತ್ತಾನೆ. ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋಗಿ ಕ್ರಮ ತಪ್ಪಿಸಿದೆಯಲ್ಲ ಎಂಬ ಅರ್ಥದ ಮಾತು ಬರುತ್ತದೆ. ಇದನ್ನು ಗರ್ಜಿಸಿ ಹೇಳಿದರೆ ಕೆಟ್ಟೇ ಹೋಯಿತು. ಇದು ಅಣ್ಣ ತಮ್ಮನನ್ನು ಗದರುವ ಮಾತು, ಅಲ್ವಾ? ಬದುಕಿದ್ದಾನೆ ಅನ್ನುವ ಹಾಗೆ ಗದರುತ್ತಾನೆ. ಹಾಗಾದರೆ ಕಣ್ಣು ನೆಲದ ಮೇಲಿರಬೇಕು. ಪಕ್ಕದಲ್ಲಿ ಸಂಜಯನೂ ಇದ್ದಾನೆ. ಅವನ ಎದುರು ಅಳಲಿಕ್ಕೆ ಈ ಛಲಗಾರ ರಾಜ ಒಪ್ಪುತ್ತಾನೋ ಇಲ್ಲವೋ? ಹುಡುಗ ಇದನ್ನು ತೀರ್ಮಾನಿಸಿದ ಕೂಡಲೇ ದನಿ ತಾನಾಗೇ ಬದಲಾಗುತ್ತದೆ.

ಡಿಗ್ರಿಯಲ್ಲಿ ಇಂಗ್ಲಿಷ್ ಓದುವವರಿಗೆ ಕವಿ ಬ್ರೌನಿಂಗ್‌ನ ‘ಮೈ ಲಾಸ್ಟ್ ಡಚೆಸ್’ನ ಡ್ಯೂಕ್ ಸಿಗುತ್ತಾನೆ. 1842ರಲ್ಲಿ ಅಚ್ಚಾದ ಕವಿತೆ. ತೀರಿಹೋದ ಹೆಂಡತಿಯ ಚಿತ್ರ ತೋರಿಸುತ್ತಾ, ಹೊಸ ಸಂಬಂಧ ಮಾತಾಡಲು ಬಂದ ದೂತನಿಗೆ ಎಲ್ಲಾ ಹೇಳುತ್ತಾನೆ. ದೂತ ಬಾಯಿ ಬಿಡುವುದಿಲ್ಲ. ಆದರೆ ಕೊನೆಯಲ್ಲಿ ಡ್ಯೂಕ್, ಬೇಡ, ಇಬ್ಬರೂ ಜೊತೆಗೇ ಕೆಳಗೆ ಹೋಗೋಣ ಅಂತಾನೆ. ಯಾಕೆ ಹಾಗಂದ? ದೂತ ಮರ್ಯಾದೆಗೆ ಹಿಂದೆ ಸರಿದನೋ, ಕೇಳಿದ್ದಕ್ಕೆ ಬೆಚ್ಚಿ ಮುಂದೆ ಹೊರಟನೋ? ನೋಟ್ಸ್ ಬಾಯಿಪಾಠ ಮಾಡಿದವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಆಡಿ ನೋಡಿದವರಿಗೆ ಮಾತ್ರ ಏಳುತ್ತದೆ.

ಇದೇನು ನಮಗೆ ಹೊರಗಿನ ವಿದ್ಯೆಯಲ್ಲ. ಹೆಸರಾಂತ ನಟ ಬಳ್ಳಾರಿ ರಾಘವರು (1880–1946) ಕಸುಬಿನಿಂದ ವಕೀಲರು. ಕೇಸಿನ ಕಾಗದ ಓದುವವರು ಒಂದು ಮಾತನ್ನೂ ಸುಮ್ನೆ ಬಿಡುವುದಿಲ್ಲ. ರಾಗ ಎಳೆದು ಪದ್ಯ ಹಾಡುವುದೇ ನಟನೆ ಅನ್ನಿಸಿಕೊಂಡಿದ್ದ ಕಾಲದಲ್ಲಿ ಅವರು ಪಾತ್ರದ ಮನಸ್ಸಿಗೆ ಬೆಲೆ ಕೊಟ್ಟರು. ಅವರ ಹೆಸರಿನ ಕಲಾಮಂದಿರ ಊರಲ್ಲೇ ಇದೆ.

ಪುಣೆಯ ಹುಡುಗರಲ್ಲೂ ಕೊರತೆಯಿದೆ. ಎಷ್ಟೋ ಸಲ ಅವರಿಗೆ ಅರ್ಥವಾದದ್ದು ಸಭೆಯ ಕೊನೆಯ ಸಾಲಿನವರೆಗೆ ಮುಟ್ಟುವುದಿಲ್ಲ. ಆಗೆಲ್ಲಾ ನಮ್ಮ ಮಾಸ್ತರುಗಳು ನೆನಪಾಗುತ್ತಾರೆ.

ಅದಕ್ಕೇ ಬಳ್ಳಾರಿಯ ಕನ್ನಡ, ಇಂಗ್ಲಿಷ್ ಮೇಷ್ಟರುಗಳಲ್ಲಿ ನನ್ನದೊಂದು ಕೇಳಿಕೆ. ಒಂದೇ ಪುಟದ ಮಾತು ಆರಿಸಿ, ಎಲ್ಲರಿಗೂ ಜೆರಾಕ್ಸ್ ಕೊಡಿ. ಕೇಳುವವನು ಅಲುಗಾಡಿದ, ಮುಖ ತಿರುಗಿಸಿದ ಅನ್ನಿಸುವ ಕಡೆ ಪೆನ್ಸಿಲ್ ಗುರುತು ಹಾಕಿಸಿ. ಆಮೇಲೆ ಇನ್ನೊಬ್ಬ ವಿದ್ಯಾರ್ಥಿಯನ್ನು ಮಾತಿಲ್ಲದ ಕೇಳುಗನಾಗಿ ಎದುರು ನಿಲ್ಲಿಸಿ ಆಡಿಸಿ. ನಾಲ್ಕು ದಿನ ಕಳೆದ ಮೇಲೆ ಅವನನ್ನು ತೆಗೆದು, ಆ ಜಾಗವನ್ನು ಮಾತ್ರ ಉಳಿಸಿಕೊಳ್ಳಿ. ಇಷ್ಟಾದ ಮೇಲೆ ಪಕ್ಕದ ಹಳ್ಳಿಯ ಹಾರ್ಮೋನಿಯಂ ಮಾಸ್ತರನ್ನು ಕ್ಲಾಸಿಗೇ ಕರೆಸಿ. ಉಸಿರು, ದನಿ ಕಲಿಸಲಿಕ್ಕೆ ಅವರಿಗಿಂತ ಬಲ್ಲವರು ಯಾರಿದ್ದಾರೆ? ಬಂದವರಿಗೆ ಗೌರವಧನವನ್ನೂ ಕೊಡಿ.